ಸೌರಫಲಕಕ್ಕೆ ಮೊದಲು ತಾರಸಿ ಸರಿಯಾಗಲಿ

ಮಾನ್ಯರೇ,

ಮನೆಯ ತಾರಸಿಗೆ ಸೌರಫಲಕ ಹಾಕಿಸುವವರಿಗೆ ಕೇಂದ್ರದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ ಸಹಾಯಧನವಿದೆ. ಮೂರನೆಯದಕ್ಕೆ 18,000 ಮಾತ್ರ. ಅಲ್ಲಿಗೆ 78,000 ರೂಪಾಯಿ. ಅದರ ಮೇಲೆ ಎಷ್ಟು ಕಿಲೋವಾಟ್ ಹಾಕಿಸಿದರೂ ಸಹಾಯಧನ ಏರುವುದಿಲ್ಲ. ಹಾಗಾಗಿ ಮೂರನೆಯ ಕಿಲೋವಾಟ್ ನಿಜಕ್ಕೂ ಬೇಕೇ ಎಂದು ಲೆಕ್ಕ ಹಾಕದೆ ಅರ್ಜಿ ಸಲ್ಲಿಸುವುದು ನಷ್ಟದ ದಾರಿ. ಆ ಲೆಕ್ಕ ಶುರುವಾಗುವುದು ಮನೆಯೊಳಗಿನ ಫ್ಯಾನಿನಿಂದ.

ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ನಾಲ್ಕು ಫ್ಯಾನ್ ಬದಲಿಸಿದರೆ ತಿಂಗಳಿಗೆ 65 ಯೂನಿಟ್ ಉಳಿಯುತ್ತದೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ತಿಂಗಳಿಗೆ ಕೊಡುವುದು ಸುಮಾರು 110 ರಿಂದ 120 ಯೂನಿಟ್. ಎಂದರೆ ಅರ್ಧ ಕಿಲೋವಾಟ್ ಫಲಕದ ಕೆಲಸ ನಾಲ್ಕು ಫ್ಯಾನಿನಲ್ಲೇ ಮುಗಿಯಿತು. ಗೀಸರ್‌ನ ಥರ್ಮೋಸ್ಟಾಟನ್ನು 70 ಡಿಗ್ರಿಯಿಂದ 50–55ಕ್ಕೆ ಇಳಿಸಿದರೆ ಇನ್ನಷ್ಟು. ಗೃಹಜ್ಯೋತಿಯ ಫಲಾನುಭವಿಗಳಿಗಂತೂ ಇದು ಇನ್ನೂ ಮುಖ್ಯ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಿ 220, 230ಕ್ಕೆ ಹೋಗುವ ಮನೆಗಳನ್ನು ಈಚೆ ದಡಕ್ಕೆ ಎಳೆಯಲು ಫ್ಯಾನ್ ಸಾಕು, ಫಲಕವೇ ಬೇಕಿಲ್ಲ.

ಆದರೆ ಫ್ಯಾನ್ ಇಡೀ ರಾತ್ರಿ ಐದರಲ್ಲೇ ತಿರುಗುವುದಕ್ಕೆ ಕಾರಣ ತಾರಸಿ. ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಸಂಜೆಯ ಮೇಲೆ ಆ ಕಾವನ್ನು ಕೋಣೆಯೊಳಗೆ ಇಳಿಸುತ್ತದೆ. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪನ ಇದಕ್ಕೆ ಅಗ್ಗದ ಮದ್ದು. ಬಳಿದ ವರ್ಷದೊಳಗೇ ಅದು ಸಿಪ್ಪೆ ಏಳುತ್ತಿದ್ದರೆ ತಪ್ಪು ಹೆಚ್ಚಾಗಿ ಬಣ್ಣದ್ದಲ್ಲ, ಒದ್ದೆ ತಾರಸಿಯ ಮೇಲೆ, ಧೂಳು ತೆಗೆಯದೆ, ಪ್ರೈಮರ್ ಇಲ್ಲದೆ ಬಳಿದದ್ದರದು. ಮೊದಲು ತಾರಸಿಗೆ ನೀರು ಹಾಯಿಸಿ ನೋಡಬೇಕು. ನೀರು ನಿಂತ ಕಡೆ ಇಳಿಜಾರನ್ನು ಗಾರೆಯಿಂದ ಸರಿಮಾಡದೆ ಮುಂದೆ ಹೋಗಬಾರದು. ಬಿರುಕುಗಳನ್ನು 'ವಿ' ಆಕಾರಕ್ಕೆ ಕೊರೆದು, ಬ್ರಷ್‌ನಿಂದ ಪುಡಿ ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಹೊಸ ಗಾರೆ ಮೂರು ನಾಲ್ಕು ವಾರ ಪೂರ್ತಿ ಆರಲಿ. ಆಮೇಲೆ ವಾಟರ್‌ಪ್ರೂಫಿಂಗ್, ಪ್ರೈಮರ್, ಬಿಳಿ ಲೇಪನದ ಎರಡು ಕೋಟ್. ಮೊದಲನೆಯದು ಉದ್ದಕ್ಕಾದರೆ ಎರಡನೆಯದು ಅಡ್ಡಕ್ಕೆ. ಬಣ್ಣದ ಡಬ್ಬಿಯ ಮೇಲೆ 'ಎಸ್‌ಆರ್‌ಐ' (ಬಿಸಿಲಿಗೆ ಲೇಪನ ಎಷ್ಟು ತಂಪಾಗಿರುತ್ತದೆ ಎಂಬ ಅಳತೆ) ಅಂಕಿ ಇದೆಯೇ ನೋಡಿ, ಬರೀ ಬಿಳುಪು ಕಂಡು ಕೊಳ್ಳಬೇಡಿ. ಧೂಳು ಕೂತರೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಗುಣ ಇಳಿಯುತ್ತದೆ. ಪ್ರತಿ ಬೇಸಿಗೆಗೆ ಮುಂಚೆ ತೊಳೆಯಲೇಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಸಹಾಯಧನದ ಅವಸರದಲ್ಲಿ ಮೊದಲು ಫಲಕ ಬರುತ್ತದೆ. ಅದರ ಸ್ಟ್ಯಾಂಡ್ ಕೂರಿಸಲು ಬಿರುಕು ಬಿಟ್ಟ ತಾರಸಿಗೇ ಡ್ರಿಲ್ ಹೊಡೆಯುತ್ತಾರೆ, ಆ ತೂತಿನಿಂದ ನೀರಿಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ. ಎರಡು ಮಳೆಗಾಲ ಕಳೆದು ಸೋರಲು ಶುರುವಾದಾಗ ಫಲಕ ಇಳಿಸದೆ ರಿಪೇರಿ ಸಾಧ್ಯವಿಲ್ಲ. ಸ್ಟ್ಯಾಂಡಿನ ಕಾಲುಗಳನ್ನು ಕಾಂಕ್ರೀಟ್ ಪೀಠದ ಮೇಲೆ ನಿಲ್ಲಿಸಿ, ಪೀಠದ ಬುಡದ ಸುತ್ತ ವಾಟರ್‌ಪ್ರೂಫ್ ಮಾಡಿಸುವುದು ಸರಿಯಾದ ಕ್ರಮ. ಫಲಕ ದಕ್ಷಿಣಕ್ಕೆ ಮುಖಮಾಡಿ 10 ರಿಂದ 15 ಡಿಗ್ರಿ ಬಾಗಿದ್ದು, ಕೆಳಗೆ ಗಾಳಿಯಾಡಲು ಜಾಗವಿರಲಿ. ಫಲಕ ಕಾದಷ್ಟೂ ಉತ್ಪಾದನೆ ಕುಗ್ಗುತ್ತದೆ, 25 ಡಿಗ್ರಿಯಿಂದಾಚೆ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಶೇ 0.35ರಂತೆ. ನೀರಿನ ಟ್ಯಾಂಕಿನ ನೆರಳು ಒಂದು ಫಲಕದ ಮೇಲೆ ಬಿದ್ದರೂ ಇಡೀ ಸಾಲಿಗೆ ಪೆಟ್ಟು.

ಕಾಗದಪತ್ರದ ಮಾತೂ ಒಂದಿಷ್ಟು. ಎಷ್ಟೋ ಮನೆಗಳ ಆರ್.ಆರ್. ನಂಬರ್ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿದೆ. ಅದನ್ನು ಬದಲಿಸಿಕೊಂಡೇ ಅರ್ಜಿ ಹಾಕಿ, ಬ್ಯಾಂಕ್ ಖಾತೆಯ ಹೆಸರೂ ಅದಕ್ಕೆ ಹೊಂದಬೇಕು. ದೇಶೀಯ ಸೆಲ್‌ಗಳಿಂದ ತಯಾರಾದ ಫಲಕಕ್ಕೆ ಮಾತ್ರ ಸಹಾಯಧನ ಸಿಗುವುದರಿಂದ ಇದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಹಣ ಖಾತೆಗೆ ಬರುವುದು ಮೀಟರ್ ಕೂತು ಪರಿಶೀಲನೆ ಮುಗಿದ ಮೇಲೆ. ಅಲ್ಲಿಯವರೆಗಿನ ಖರ್ಚಿಗೆ ಏರ್ಪಾಡು ಮಾಡಿಕೊಂಡಿರಬೇಕು. ಬ್ಯಾಟರಿಯಿಲ್ಲದ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರ ಜೀವ ಕಾಯುವುದಕ್ಕೆಂದೇ ಅದನ್ನು ಹಾಗೆ ಮಾಡಿರುವುದು, ದೋಷವಲ್ಲ.

ಕರೆಂಟ್ ಉತ್ಪಾದಿಸುವ ಮನೆಗೆ ಸರ್ಕಾರ 78,000 ರೂಪಾಯಿವರೆಗೆ ಕೊಡುತ್ತದೆ. ತಾರಸಿ ತಂಪು ಮಾಡಿಕೊಂಡು ಬಳಕೆಯನ್ನೇ ಇಳಿಸುವ ಮನೆಗೆ ಈ ಯೋಜನೆಯಲ್ಲಿ ಏನೂ ಇಲ್ಲ. ನೆರೆಯ ತೆಲಂಗಾಣ 2023ರಲ್ಲೇ ತಂಪು ತಾರಸಿ ನೀತಿ ತಂದು, ಸರ್ಕಾರಿ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಕಾದ ಹೆಂಚಿನ ಊರುಗಳಿರುವ ನಮ್ಮ ರಾಜ್ಯ ಬಿಳಿ ಲೇಪನಕ್ಕೂ ಬಿಎಲ್‌ಡಿಸಿ ಫ್ಯಾನಿಗೂ ಸಣ್ಣ ಮೊತ್ತದ ಸಹಾಯಧನವನ್ನಾದರೂ ಈ ಬಾರಿಯ ಬಜೆಟ್‌ನಲ್ಲಿ ಘೋಷಿಸಲಿ. ಅದಕ್ಕೆ ಮುಂಚೆ, ಫಲಕದ ಅರ್ಜಿ ಮಂಜೂರು ಮಾಡುವಾಗ ತಾರಸಿಯ ಬಿರುಕು, ಇಳಿಜಾರು, ಟ್ಯಾಂಕಿನ ನೆರಳು ಈ ಮೂರನ್ನು ಸ್ಥಳಕ್ಕೆ ಹೋಗಿ ನೋಡಿ ಬರೆದಿಡುವ ಕ್ರಮವನ್ನು ವಿದ್ಯುತ್ ಸರಬರಾಜು ಕಂಪನಿಗಳು ಈಗಲೇ ಜಾರಿಗೆ ತರಲಿ.