ದೋಸ್ತ, ಆ ಮೈಕಿನ ವಿಷಯ

ಪ್ರೀತಿಯ ದೋಸ್ತ,

ಕೊಪ್ಪಳದ ಬಿಸಿಲು ಎಂದಿನಂತೆಯೇ ಇದೆ. ಹಾರ್ಮೋನಿಯಂ ಚೆನ್ನಾಗಿದೆ, ನಾನು ಪರವಾಗಿಲ್ಲ. ಬೆಂಗಳೂರಿನಲ್ಲೂ ಆ ಹಳದಿ ಕೊಡೆ ಹಿಡಿದೇ ಓಡಾಡುತ್ತೀಯಾ? ಓದುತ್ತಿರುವ ಉಳಿದವರು ಕೊಡೆ ಬಗ್ಗೆ ಕೇಳಬೇಡಿ.

ಗವಿಮಠದ ಜಾತ್ರೆಯಲ್ಲಿ ದಾಸೋಹದ ಮಿರ್ಚಿ ತಿನ್ನುತ್ತಾ ಜಗಳ ಆಡಿದ್ದೆವಲ್ಲ? ಸಂಗೀತದ ಸಾಮಾನಿನ ಬಗ್ಗೆ ಹಾಡುವವರು, ನುಡಿಸುವವರು ಮಾತಾಡಬೇಕು, ರೀಲ್ಸ್‌ನವರಲ್ಲ ಅಂತ ನಾನು ಕೂಗಾಡಿದ್ದೆ. 1952ರಲ್ಲೇ ಗಿಬ್ಸನ್ ಕಂಪನಿ ಗಿಟಾರ್ ವಾದಕ ಲೆಸ್ ಪಾಲ್ ಹೆಸರಿನಲ್ಲಿ ಗಿಟಾರ್ ಮಾರಿತಲ್ಲ, ಅದೇನು ಧರ್ಮಕ್ಕಾ ಅಂತ ನೀನು ಕುಟುಕಿದ್ದೆ. 'ಆತ ಅದನ್ನು ನುಡಿಸುತ್ತಿದ್ದ' ಅಂದು ನಾನು ಕೊನೆಯ ಮಿರ್ಚಿ ಗೆದ್ದಿದ್ದೆ.

ಈಗ ಕೇಳು. ಬೇಸಿಗೆಯಲ್ಲಿ ಒಂದು ಕಂಪನಿ ನನಗೆ ಕಂಡೆನ್ಸರ್ ಮೈಕ್, ಅಂದರೆ ಸ್ಟುಡಿಯೋದಲ್ಲಿ ಬಳಸುವ ಸೂಕ್ಷ್ಮ ಮೈಕ್, ಪುಕ್ಕಟೆ ಕಳಿಸಿತು. 30 ಸೆಕೆಂಡಿನ ರೀಲ್ ಮಾಡಬೇಕು. 'ಮನೆಗೂ ಸೈ, ಭಜನೆಗೂ ಸೈ' ಅಂತ ಅವರೇ ಬರೆದು ಕೊಟ್ಟಿದ್ದರು. ಹೇಳಿದೆ. ಪುಕ್ಕಟೆ ಸಾಮಾನಾದರೂ ಜಾಹೀರಾತು ಅಂತ ಹಾಕಬೇಕು, 2021ರಿಂದ ನಿಯಮ ಇದೆ. ಹಾಕಿದ್ದೆ. ಬಿಳಿ ಜುಬ್ಬದ ಮೇಲೆ, ಬಿಳಿ ಅಕ್ಷರದಲ್ಲಿ.

ಹೋದ ವಾರ ಗಂಗಾವತಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಭಜನಾ ಮಂಡಳಿಯವರು ಪಟ್ಟಿ ಎತ್ತಿ ಅದೇ ಮೈಕ್ ತಂದಿದ್ದಾರೆ. "ಅಣ್ಣಾರ, ದನೀನ ಬರವಲ್ದರಿ" ಅಂದ.

ಬರುವುದಾದರೂ ಹೇಗೆ? ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ತಂತಿಯಲ್ಲೇ ಬರುವ ಕರೆಂಟ್, ಬೇಕು. ಅವರ ಗುಡಿಯ ಹಳೇ ಆಂಪ್ಲಿಫೈಯರ್‌ನಲ್ಲಿ ಅದೆಲ್ಲಿ? ಕೊಟ್ಟರೂ ಸ್ಪೀಕರ್ ಮುಂದೆ ಕುಂಯ್ ಅನ್ನುತ್ತದೆ. ತಾಳ, ಕೆಮ್ಮು, ಕೂಸಿನ ಅಳು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಗೊತ್ತಿಲ್ಲದ ರೀಲ್ಸ್ ಹುಡುಗ ಹೇಳಿದ್ದರೆ ಬಿಡು ಅನ್ನಬಹುದಿತ್ತು. ನನಗೆ ಗೊತ್ತಿತ್ತು ದೋಸ್ತ. 30 ಸೆಕೆಂಡಿನಲ್ಲಿ ಅದಕ್ಕೆ ಜಾಗ ಇರಲಿಲ್ಲ ಅಂದುಕೊಂಡೆ. ಜುಬ್ಬದ ತೋಳು ಮಡಚಲು ಮಾತ್ರ 4 ಸೆಕೆಂಡ್ ಸಿಕ್ಕಿತ್ತು.

ಇನ್ನೊಂದಿದೆ, ಬರೆಯಬಾರದು ಅಂತಿದ್ದೆ. ಆ ರೀಲಿನಲ್ಲಿ ಕೇಳುವ ದನಿ ಆ ಮೈಕಿನದಲ್ಲ. ಅದರಲ್ಲಿ ಫ್ಯಾನು, ಬೀದಿಯ ಟಂಟಂ ಎಲ್ಲ ತುಂಬಿಕೊಂಡವು. ಹಳೇ ಶ್ಯೂರ್ ಎಸ್‌ಎಂ58ರಲ್ಲಿ, ಆ ಕರೆಂಟ್ ಬೇಡದ ಸ್ಟೇಜ್ ಮೈಕಿನಲ್ಲಿ, ಮತ್ತೆ ಹಾಡಿ ಕೂಡಿಸಿದೆ. ನೀನೇ ಕೊಡಿಸಿದ್ದು.

ಸಾಕು, ಜಾಸ್ತಿ ಆಯಿತು. ನಿನ್ನ ಎಸ್‌ಎಂ58 ಅನ್ನು ಆ ಹುಡುಗನಿಗೆ ಕೊಟ್ಟು, ಅವನದನ್ನು ತಂದಿದ್ದೇನೆ. ಬೈಯಬೇಡ. ಈಗ ಮನೆಯಲ್ಲಿ ಎರಡು ಕಂಡೆನ್ಸರ್. ಒಂದರ ಸ್ಟ್ಯಾಂಡಿಗೆ ನನ್ನಾಕೆ ಒದ್ದೆ ಟವೆಲ್ ಹಾಕಿದ್ದಾಳೆ. ಮನೆಗಂತೂ ಸೈ.

ಕೊಡೆ ಜೋಪಾನ.

ನಿನ್ನ,
ಮಿರ್ಚಿ ವಿಜೇತ