ಹೇನಿನ ಔಷಧಿ ಕೆಲಸ ಮಾಡಿತೇ? ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. "ಒಂದೇ ಸಲಕ್ಕೆ ಹೇನು ಮಾಯ" ಎನ್ನುವ ಸಂದೇಶಗಳನ್ನು ದಯವಿಟ್ಟು ಇಲ್ಲಿಗೆ ದಾಟಿಸಬೇಡಿ. ಔಷಧಿಯನ್ನು ಸರಿಯಾಗಿ ಪರೀಕ್ಷಿಸುವವರು ಮರುದಿನದ ತಲೆ ನೋಡಿ ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ 14ನೇ ದಿನ ಜೀವಂತ ಹೇನು ಸಿಗುತ್ತದೆಯೇ ಎಂದು ಹುಡುಕುತ್ತಾರೆ. ಕಾರಣ ಸೀರು. ಹೇನೆಲ್ಲ ಸತ್ತರೂ ಉಳಿದ ಮೊಟ್ಟೆ 7ರಿಂದ 10 ದಿನದೊಳಗೆ ಒಡೆದು ಮರಿ ಬರುತ್ತದೆ. ಪರ್ಮೆಥ್ರಿನ್ ಎಂಬ ಹೇನಿನ ಔಷಧಿ ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಅದಕ್ಕೇ 9ನೇ ದಿನದ ಹೊತ್ತಿಗೆ ಮತ್ತೊಮ್ಮೆ ಹಚ್ಚಲು ಹೇಳುವುದು. ಎಷ್ಟೋ ಕಡೆ ಹೇನುಗಳು ಅದಕ್ಕೆ ಬಗ್ಗುವುದೂ ಇಲ್ಲ! ಡೈಮೆಥಿಕೋನ್ ಎಂಬ ಇನ್ನೊಂದು ಹೇನಿನ ಔಷಧಿ ಬೇರೆ ಬಗೆಯದು. ಹೇನಿನ ಮೈಯನ್ನು ಮುಚ್ಚಿ ಕೊಲ್ಲುತ್ತದೆ, ನರಕ್ಕೆ ತಾಗುವ ವಿಷವಲ್ಲ. ಆದರೆ ಇಂಥ ಕೆಲವು ದ್ರವಗಳಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ, ಹಚ್ಚಿಕೊಂಡು ಒಲೆಯ ಹತ್ತಿರ ಹೋಗಬೇಡಿ.

ಮನೆಯಲ್ಲಿ ನೋಡುವುದು ಸುಲಭ: ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ, ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿ, ಬಿಳಿ ಕಾಗದಕ್ಕೆ ಒರೆಸಿ. ಓಡಾಡುವ ಹೇನು ಕಂಡರೆ ಮಾತ್ರ ಲೆಕ್ಕ. ಬರೀ ತುರಿಕೆ, ಒಣಗಿದ ಸೀರು ಸೋಲಿನ ಗುರುತಲ್ಲ.

ಸೀಮೆಎಣ್ಣೆ, ತಿಗಣೆ ಔಷಧಿ ಬೇಡವೇ ಬೇಡ. ಗಿಡಮೂಲಿಕೆ ಎಂದಾಕ್ಷಣ ನಿರಪಾಯವೂ ಅಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳಿಯೇ ಹಚ್ಚಿ.