ಕಲ್ಪನೆಯ ನಕ್ಷೆಯಲ್ಲೂ ಹೊಳೆ ಕೆಳಕ್ಕೇ ಹರಿಯಬೇಕು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಕಲ್ಪನಾಲೋಕದ ನಕ್ಷೆಗಳು ಬರುತ್ತಿರುವುದು ಸಂತೋಷ. ಡ್ರ್ಯಾಗನ್ ಗುಹೆ, ರಾಕ್ಷಸರ ಕೋಟೆ ಏನು ಬೇಕಾದರೂ ಇರಲಿ, ಅದಕ್ಕೆ ತಕರಾರಿಲ್ಲ. ತಕರಾರಿರುವುದು ಹೊಳೆಗಳ ಬಗ್ಗೆ. ಸಮುದ್ರದಿಂದ ಹೊರಟು ಬೆಟ್ಟ ಹತ್ತಿ ಆಚೆಯ ಸಮುದ್ರಕ್ಕೆ ಇಳಿಯುವ ಹೊಳೆ, ನಡುದಾರಿಯಲ್ಲಿ ಮೂರು ಕವಲಾಗಿ ಮೂರು ದಿಕ್ಕಿಗೆ ಹೋಗುವ ಹೊಳೆ ಕಂಡರೆ, ಆ ನಕ್ಷೆಯ ಮಾಂತ್ರಿಕನನ್ನೂ ಓದುಗ ನಂಬುವುದಿಲ್ಲ. ಜೊತೆಗೆ ಕೊಡುವ ಸೂಚನೆಯಲ್ಲಿ ಪೆನ್ನು, ಬಣ್ಣದ ಪಟ್ಟಿ ಇರುತ್ತದೆಯೇ ಹೊರತು ಯಾವುದನ್ನು ಮೊದಲು ಬರೆಯಬೇಕು ಎಂಬುದು ಇರುವುದಿಲ್ಲ. ಕೈಯಲ್ಲಿ ನಕ್ಷೆ ಬರೆಯಲು ಕೂತವರಿಗೆ, ಮಕ್ಕಳಾಗಲಿ ದೊಡ್ಡವರಾಗಲಿ, ಮೊದಲು ಬೇಕಾದದ್ದು ಆ ಕ್ರಮ.

ಕಾಗದ ಎ3 ಅಳತೆಯದು, 150ರಿಂದ 180 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾರ್ಟ್ರಿಡ್ಜ್ ಹಾಳೆ, ಅಂದರೆ ಚಿತ್ರ ಬರೆಯುವ ದಪ್ಪ ಹಾಳೆ, ಸಾಕು. ಜೆರಾಕ್ಸ್ ಹಾಳೆ ಎರಡು ಸಲ ರಬ್ಬರ್ ಉಜ್ಜಿದರೆ ನಾರು ಏಳುತ್ತದೆ, ಅಲ್ಲಿ ಇಂಕು ಹರಡುತ್ತದೆ. ಪೆನ್ಸಿಲ್ ಎಚ್ ಇರಲಿ. ಎಚ್‌ಬಿ ಕೈಗೆ ಮೆತ್ತಿ ಹಾಳೆಯೆಲ್ಲ ಮಸಿಯಾಗುತ್ತದೆ, 2ಎಚ್ ಒತ್ತಿ ಗೀಚಿದರೆ ಅಳಿಸಿದ ಮೇಲೂ ಗೀರು ಉಳಿಯುತ್ತದೆ. ಮೊದಲು ಮಾಡಬೇಕಾದದ್ದು ಅಳತೆಯ ತೀರ್ಮಾನ: 1 ಸೆಂ.ಮೀ.ಗೆ 5 ಕಿ.ಮೀ. ಎಂದಿಟ್ಟುಕೊಂಡರೆ ಇಡೀ ಹಾಳೆ ಸುಮಾರು 210 ಕಿ.ಮೀ. ಉದ್ದ, 148 ಕಿ.ಮೀ. ಅಗಲದ ನಾಡಾಗುತ್ತದೆ. ಬಯಲಿನಲ್ಲಿ ದಿನಕ್ಕೆ 25 ಕಿ.ಮೀ. ನಡೆಯುವವನಿಗೆ ನಕ್ಷೆಯ ಮೇಲೆ 5 ಸೆಂ.ಮೀ. ಒಂದು ದಿನದ ದಾರಿ. ಘಟ್ಟದಲ್ಲಿ ಅದರ ಅರ್ಧ. ಮೊದಲ ನಕ್ಷೆಗೇ ಇಡೀ ಭೂಖಂಡ ಹಿಡಿಯಲು ಹೋದವರು ಹೊಳೆಯ ಹೆಸರು ಬರೆಯುವಷ್ಟೂ ಜಾಗವಿಲ್ಲದೆ ಅರ್ಧಕ್ಕೇ ಕೈಬಿಡುತ್ತಾರೆ.

ಕರಾವಳಿಗೆ ಒಂದು ಹಿಡಿ ಹೆಸರುಕಾಳು ಹಾಳೆಯ ಮೇಲೆ ಚೆಲ್ಲಿ ಅಂಚಿನ ಗೆರೆ ಎಳೆಯುವ ಉಪಾಯ ಎಲ್ಲರಿಗೂ ಗೊತ್ತಿರುವುದೇ. ಒಂದು ತಿದ್ದುಪಡಿ ಸಾಕು: ಬೆಟ್ಟ ಕಡಲಿಗೆ ತಾಗುವಲ್ಲಿ ಅಂಚು ಮುರುಕಾಗಿರಲಿ, ಮರಳು ಬಯಲಿದ್ದಲ್ಲಿ ನೇರವಾಗಿರಲಿ. ಎಲ್ಲ ಕಡೆ ಒಂದೇ ತೆರನ ಅಂಕುಡೊಂಕು ಇದ್ದರೆ ಅದು ಕರಾವಳಿಯಂತೆ ಕಾಣುವುದಿಲ್ಲ, ಹರಿದ ಕಾಗದದಂತೆ ಕಾಣುತ್ತದೆ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಬೆಟ್ಟದ ಚಿತ್ರಕ್ಕೆ ಇನ್ನೂ ಕೈ ಹಾಕಬಾರದು. ಬೆಟ್ಟಸಾಲಿನ ನೆತ್ತಿ ಎಲ್ಲಿ ಸಾಗುತ್ತದೆ ಎಂಬುದನ್ನಷ್ಟೇ ಪೆನ್ಸಿಲ್ಲಿನ ಒಂದೇ ಗೆರೆಯಲ್ಲಿ ಗುರುತಿಸಬೇಕು. ಆ ಗೆರೆಯಿಂದ ಎರಡೂ ಬದಿಗೆ ಕೈ ಚಾಚಿದಂತೆ ಉಪಸಾಲುಗಳು. ಹೊಳೆಗಳು ಆ ಉಪಸಾಲುಗಳ ನಡುವೆ ಹುಟ್ಟುತ್ತವೆ, ನೆತ್ತಿಯ ಗೆರೆಯನ್ನು ದಾಟುವುದಿಲ್ಲ. ಇದನ್ನು ಕಲಿಯಲು ಮಲೆನಾಡಿನವರು ಬೇರೆಲ್ಲೂ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನಲ್ಲಿ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಾಗರದ ಕಡೆಯವರಾದರೆ ತುಂಗಭದ್ರೆಯನ್ನು ಸೇರುವ ವರದೆ ಹುಟ್ಟುವ ಇಕ್ಕೇರಿ ಬಳಿಯ ವರದಾಮೂಲವನ್ನೂ ಜೋಗವನ್ನೂ ಒಂದೇ ಹಾಳೆಯಲ್ಲಿ ಗುರುತಿಸಿ ನೋಡಲಿ. ಒಂದೇ ತಾಲ್ಲೂಕಿನ ಮಳೆ ಎರಡು ಕಡಲಿಗೆ ಹಂಚಿಹೋಗುವುದು ನಡುವಿನ ದಿಣ್ಣೆಯಿಂದ. ಆ ದಿಣ್ಣೆ ನೋಡುವವನ ಕಣ್ಣಿಗೆ ಬೀಳದಷ್ಟು ತಗ್ಗಾಗಿರಬಹುದು, ಬರೆಯುವವನಿಗೆ ಮಾತ್ರ ಅದು ಎಲ್ಲಿದೆ ಎಂದು ಗೊತ್ತಿರಲೇಬೇಕು.

ಹೊಳೆಯನ್ನು ಪೆನ್ಸಿಲ್ಲಿನಲ್ಲಿ ಕಡಲ ಬಾಯಿಂದ ಮೇಲಕ್ಕೆ ಎಳೆಯುವುದು ಸುಲಭ, ಕವಲುಗಳು ತಾವಾಗಿ ಸರಿಯಾದ ಓರೆಗೆ ಕೂರುತ್ತವೆ. ಎರಡು ಹೊಳೆ ಕೂಡುವಲ್ಲಿ ಚೂಪು ಮೂಲೆ ಹರಿವಿನ ದಿಕ್ಕಿಗೆ ತೋರಬೇಕು. ಶಾಯಿ ಹಾಕುವಾಗ ಉಲ್ಟಾ: ಮೂಲದಲ್ಲಿ 0.1 ಮಿ.ಮೀ. ಪೆನ್ನು, ಮೊದಲ ಕೂಡಲಿನ ನಂತರ 0.3, ಕಡಲ ಹತ್ತಿರ ಜೋಡಿ ಗೆರೆ. ಬೆಟ್ಟದಲ್ಲಿ ತಿರುವು ಕಡಿಮೆ, ಬಯಲಿಗೆ ಬಂದ ಮೇಲೆ ಹೊಳೆ ಬಳುಕಲಿ. ಹೊಳೆ ಕವಲೊಡೆದು ಬೇರೆಬೇರೆಯಾಗಿಯೇ ಉಳಿಯುವುದು ಸಾಮಾನ್ಯವಾಗಿ ಕಡಲಂಚಿನ ಮಟ್ಟಸ ನೆಲದಲ್ಲಿ. ಮಂಡಗದ್ದೆಯ ಹಕ್ಕಿಗಳ ನಡುಗಡ್ಡೆಯ ಸುತ್ತ ತುಂಗೆ ಒಡೆಯುತ್ತದೆ, ನಿಜ, ಆದರೆ ಮತ್ತೆ ಕೂಡುತ್ತದೆ. ಸರೋವರಕ್ಕೆ ಹತ್ತು ಹೊಳೆ ಬಂದು ಸೇರಲಿ, ಹೊರಬೀಳುವುದು ಒಂದೇ ಇರಲಿ. ಜಲಪಾತ ಬೇಕಿದ್ದರೆ ಪ್ರಸ್ಥಭೂಮಿ ಮುಗಿಯುವ ಅಂಚಿನಲ್ಲಿಡಬೇಕು. ಬಯಲ ನಡುವೆ ಇಟ್ಟರೆ ನೀರು ಬೀಳುವುದೆಲ್ಲಿಗೆ?

ಕಥೆಯಲ್ಲಿ ಮುಳುಗಿದ ನಗರವೊಂದು ಬೇಕೆನ್ನುವವರು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರನ್ನು ಉಪಗ್ರಹ ಚಿತ್ರದಲ್ಲಿ ನೋಡಬೇಕು. ಅದರ ಅಂಚು ದುಂಡಗಿಲ್ಲ. ನೀರು ಪ್ರತಿ ಹಳ್ಳದ ಕಣಿವೆಯೊಳಗೂ ಬೆರಳು ತೂರಿಸಿದೆ, ಗುಡ್ಡದ ನೆತ್ತಿಗಳು ದ್ವೀಪಗಳಾಗಿ ಉಳಿದಿವೆ. ಮುಳುಗಡೆಯ ಜಾಗವನ್ನು ಬಟ್ಟಲಿನಂತೆ ದುಂಡಗೆ ಬರೆದರೆ ಮುಳುಗಿದ ಊರಿನ ಕಥೆ ನಿಲ್ಲುವುದಿಲ್ಲ.

ಮಳೆಯ ಲೆಕ್ಕವೂ ಬೇಕು. ಕಡಲ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಮೂಲೆಯಲ್ಲಿ ಬಾಣ ಹಾಕಿಟ್ಟುಕೊಂಡರೆ ಕಾಡು ಎಲ್ಲಿ, ಕುರುಚಲು ಎಲ್ಲಿ ಎಂಬುದು ತಾನಾಗಿ ಬಗೆಹರಿಯುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರುವ ಆಗುಂಬೆಯಿಂದ ಶಿವಮೊಗ್ಗ ನೂರು ಕಿ.ಮೀ. ಒಳಗಿದ್ದರೂ ಅಲ್ಲಿ ಬೀಳುವ ಮಳೆ ಇದರ ಐದನೇ ಒಂದು ಪಾಲೂ ಇಲ್ಲ. ಮೇಲೆ ಹೇಳಿದ ಅಳತೆಯಲ್ಲಿ ಆ ಅಂತರ 20 ಸೆಂ.ಮೀ. ಕೂಡ ಆಗುವುದಿಲ್ಲ. ಊರಿನ ಹೆಸರಿಗೂ ಇದೇ ಜಾಡು ಹಿಡಿಯಬಹುದು: ಮಳೆಯ ಕಡೆ ಗದ್ದೆ, ಮಕ್ಕಿ, ಕೊಪ್ಪ, ಒಣ ಕಡೆ ಕೆರೆ, ಹಳ್ಳಿ. ಊರುಗಳನ್ನು ಅಂದಕ್ಕೆಂದು ಎರಚಬಾರದು. ಹೊಳೆ ಕೂಡುವಲ್ಲಿ, ದೋಣಿ ದಾಟುವಲ್ಲಿ, ಘಟ್ಟದ ಬುಡ ಮತ್ತು ತಲೆಯಲ್ಲಿ ಊರು ಬೆಳೆಯುತ್ತದೆ. ಸೋಮೇಶ್ವರ ಕೆಳಗೆ, ಆಗುಂಬೆ ಮೇಲೆ ಇದ್ದ ಹಾಗೆ.

ಇಷ್ಟಾದ ಮೇಲೆ ಹೆಸರುಗಳು, ಬೆಟ್ಟವಲ್ಲ. ಹೆಸರಿನ ಜಾಗವನ್ನು ಪೆನ್ಸಿಲ್ ಚೌಕದಲ್ಲಿ ಕಾದಿರಿಸದೆ ಕಾಡು ತುಂಬಿದವರು ಕೊನೆಗೆ ಮರದ ಮೇಲೆ ಅಕ್ಷರ ಹೇರಬೇಕಾಗುತ್ತದೆ. ಕನ್ನಡ ಬರವಣಿಗೆಗೆ ಮೇಲೂ ಕೆಳಗೂ ಜಾಗ ಬೇಕು. ‘ಕುಂದಾದ್ರಿ’ ಎಂದು 4 ಮಿ.ಮೀ. ಎತ್ತರದಲ್ಲಿ ಬರೆದರೆ ಗುಡಿಸು, ಒತ್ತು ಸೇರಿ 8ರಿಂದ 9 ಮಿ.ಮೀ. ಬೇಕಾಗುತ್ತದೆ. ಆದ್ದರಿಂದ ಎರಡು ಗೆರೆಯ ಬದಲು ನಾಲ್ಕು ಗೆರೆ ಹಾಕಿಕೊಳ್ಳುವುದು ಒಳ್ಳೆಯದು. ಬೆಟ್ಟಸಾಲಿನ ಉದ್ದಕ್ಕೂ ಹೆಸರನ್ನು ಹಿಗ್ಗಿಸುವಾಗ ಕುಂ–ದಾ–ದ್ರಿ ಎಂದು ಅಂತರ ಕೊಡಬೇಕು, ಒತ್ತನ್ನು ತಾಯಿ ಅಕ್ಷರದಿಂದ ಕೀಳಬಾರದು. ಹೊಳೆಗೆ ಹೆಸರು ಅಡ್ಡ ಬಂದರೆ ಹೊಳೆಯ ಗೆರೆಯನ್ನೇ ತುಸು ತುಂಡರಿಸಿ, ಅಕ್ಷರ ಇಡಿಯಾಗಿರಲಿ.

ಬೆಟ್ಟಗಳಿಗೆ ಶಾಯಿ ಹಾಕುವಾಗ ಹಾಳೆಯ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮುಂದಿನ ಬೆಟ್ಟ ಮೊದಲೇ ಇದ್ದರೆ ಹಿಂದಿನದರ ಗೆರೆ ಅದಕ್ಕೆ ತಾಗಿ ನಿಲ್ಲುತ್ತದೆ. ಬೆಳಕು ಎಡ ಮೇಲಿನಿಂದ ಎಂದಿಟ್ಟುಕೊಂಡು ಬಲ ಇಳಿಜಾರಿಗೆ ಮಾತ್ರ ಸಣ್ಣ ಗೆರೆ ಎಳೆಯಿರಿ, ಎರಡೂ ಬದಿ ಕಪ್ಪು ಮಾಡಿದರೆ ಬೆಟ್ಟ ಚಪ್ಪಟೆಯಾಗುತ್ತದೆ. ಜೆಲ್ ಪೆನ್ ಬೇಡ, ಅಂಗೈ ತಾಗಿದರೆ ಎಳೆದುಕೊಂಡು ಹೋಗುತ್ತದೆ. ನೀರಿಗೆ ಕರಗದ ಪಿಗ್ಮೆಂಟ್ ಶಾಯಿಯ ಪೆನ್ನೇ ಸರಿ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಒಳ್ಳೆಯ ಪೆನ್ನಿನ ಗೆರೆಯೂ ಹರಡುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಟ್ಟು, ಬೇಕಾದಾಗ ಒಂದೊಂದೇ ತೆಗೆಯಬೇಕು. ಹಳೆಯ ಕಾಗದದ ಬಣ್ಣಕ್ಕೆ ಕಾಫಿ ಡಿಕಾಕ್ಷನ್ ಬಳಿಯುವವರು ನಕ್ಷೆ ಬರೆಯುವ ಮೊದಲೇ ಬಳಿದು, ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಹಲಗೆಯ ಮೇಲೆ ಒಣಗಿಸಲಿ. ಇಲ್ಲವಾದರೆ ಹಾಳೆ ಹಪ್ಪಳವಾಗುತ್ತದೆ. ಜುಲೈನಲ್ಲಿ ಈ ಸಾಹಸ ಬೇಡ, ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಕೊನೆಯದಾಗಿ ಪತ್ರಿಕೆಗೊಂದು ಕೋರಿಕೆ. ಮಕ್ಕಳಿಂದ ನಕ್ಷೆ ಕರೆಯುವಾಗ ಬಿಳಿ ಹಾಳೆ, ಕಪ್ಪು ಶಾಯಿ ಎಂದು ಸ್ಪಷ್ಟವಾಗಿ ಹೇಳಿ. ಕಾಫಿ ಬಣ್ಣ ನಿಮ್ಮ ಅಚ್ಚಿನ ಕಾಗದದಲ್ಲಿ ಬರೀ ಬೂದಿಯಾಗಿ ಬರುತ್ತದೆ. ಅರ್ಧಕ್ಕಿಳಿಸಿ ಮುದ್ರಿಸುವುದಾದರೆ 0.1ರ ಗೆರೆ ಉಳಿಯುವುದಿಲ್ಲ, ಕನಿಷ್ಠ 0.3 ಇರಲಿ. ಅಕ್ಷರ 5 ಮಿ.ಮೀ.ಗಿಂತ ಚಿಕ್ಕದಾಗದಿರಲಿ. ಮತ್ತು ನಕ್ಷೆಯ ಅಳತೆಪಟ್ಟಿಯನ್ನು ‘1 ಸೆಂ.ಮೀ.ಗೆ ಇಷ್ಟು’ ಎಂದು ಬರಹದಲ್ಲಿ ಕೊಡುವ ಬದಲು ಗೆರೆಯಾಗಿಯೇ ಎಳೆಯಲು ತಿಳಿಸಿ. ನೀವು ಚಿತ್ರವನ್ನು ಎಷ್ಟೇ ಕುಗ್ಗಿಸಿದರೂ ಆ ಗೆರೆಯೂ ಜೊತೆಗೇ ಕುಗ್ಗುತ್ತದೆ, ಲೆಕ್ಕ ತಪ್ಪುವುದಿಲ್ಲ.

ಇಂತಿ,
ಚಿತ್ರಕಲಾ ಶಿಕ್ಷಕರು, ತೀರ್ಥಹಳ್ಳಿ